ಮದ್ದಿಗೂ ಊಟಕ್ಕೂ ಅಳತೆಗೋಲು: ನಿಯಂತ್ರಣ ವಿಜ್ಞಾನದ ವಿದ್ಯಾರ್ಥಿ ಸ್ಪರ್ಧೆ ಬಗ್ಗೆ ಓದುಗರು ಕೇಳಿದ್ದು

ಔಷಧ, ವೈದ್ಯಕೀಯ ಸಾಧನ ಮತ್ತು ಆಹಾರ ಸುರಕ್ಷತೆಯ ನಿಯಂತ್ರಣಕ್ಕೆ ಹೊಸ ಆಲೋಚನೆ ಕೊಡಿ ಎಂದು ಅಮೆರಿಕದಲ್ಲಿ ವಿದ್ಯಾರ್ಥಿಗಳನ್ನು ಕರೆಯುವ ಸ್ಪರ್ಧೆಯೊಂದಿದೆ. ಅದರ ಕುರಿತು ಅಲ್ಲಿ ಓದುತ್ತಿರುವ ಕನ್ನಡದ ಮಕ್ಕಳಿಂದಲೂ ಇಲ್ಲಿನ ಫಾರ್ಮಸಿ ಮತ್ತು ಆಹಾರ ವಿಜ್ಞಾನದ ವಿದ್ಯಾರ್ಥಿಗಳಿಂದಲೂ ಪ್ರಶ್ನೆಗಳು ಬಂದಿವೆ. ಒಂದೇ ಬಗೆಯವನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನಾನು ದಾವಣಗೆರೆ ಕಡೆಯವಳು, ಬಾಲ್ಟಿಮೋರ್‌ನಲ್ಲಿ ಎಂ.ಎಸ್. ಓದುತ್ತಿದ್ದೇನೆ. ‘ಅಮೆರಿಕಾಸ್ ಗಾಟ್ ರೆಗ್ಯುಲೇಟರಿ ಸೈನ್ಸ್ ಟ್ಯಾಲೆಂಟ್’ ಸ್ಪರ್ಧೆಗೆ ತಂಡ ಕಟ್ಟಿದ್ದೇವೆ. ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಲು ನೆನಪಿಸುವ ಮೊಬೈಲ್ ಆ್ಯಪ್ ನಮ್ಮ ಆಲೋಚನೆ. ಇದು ನಿಲ್ಲುತ್ತದೆಯೇ?

ಉತ್ತರ: ಈಗಿನ ರೂಪದಲ್ಲಿ ನಿಲ್ಲುವುದಿಲ್ಲ. ಹಾಗೆಂದು ಕೈಬಿಡಬೇಡಿ, ಅದರೊಳಗೇ ಒಂದು ಒಳ್ಳೆಯ ಆಲೋಚನೆ ಇದೆ.

ಈ ಸ್ಪರ್ಧೆಯ ಬೇರು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, ವಿಶ್ವವಿದ್ಯಾಲಯಗಳ ಜೊತೆ ಸೇರಿ ನಡೆಸುವ ನಿಯಂತ್ರಣ ವಿಜ್ಞಾನ (ರೆಗ್ಯುಲೇಟರಿ ಸೈನ್ಸ್) ಕೇಂದ್ರಗಳಲ್ಲಿದೆ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಕೇಂದ್ರ 2011ರಲ್ಲಿ ಶುರುವಾದ ಮೊದಲ ಕೇಂದ್ರಗಳಲ್ಲೊಂದು. ಅದೇ 2011ರಲ್ಲಿ ಎಫ್‌ಡಿಎ ತನಗೆ ವಿಜ್ಞಾನದ ನೆರವು ತುರ್ತಾಗಿ ಬೇಕಾದ 8 ಕ್ಷೇತ್ರಗಳನ್ನು ಪಟ್ಟಿ ಮಾಡಿತು. ವಿಷಶಾಸ್ತ್ರದ ಆಧುನೀಕರಣ, ಕ್ಲಿನಿಕಲ್ ಪ್ರಯೋಗಗಳ ಸುಧಾರಣೆ, ತಯಾರಿಕೆಯ ಗುಣಮಟ್ಟ, ಹೊಸ ತಂತ್ರಜ್ಞಾನಗಳ ಮೌಲ್ಯಮಾಪನ, ದತ್ತಾಂಶದ ಬಳಕೆ, ತಡೆಗಟ್ಟುವಿಕೆಗೆ ಒತ್ತು ಕೊಡುವ ಆಹಾರ ಸುರಕ್ಷತೆ, ತುರ್ತು ಸಂದರ್ಭದ ಮದ್ದುಗಳು, ಗ್ರಾಹಕರಿಗೆ ಅರ್ಥವಾಗುವ ಮಾಹಿತಿ: ಇವಿಷ್ಟು. ಜಾಗತಿಕ ಸುರಕ್ಷತೆ ಒಂಬತ್ತನೆಯದಾಗಿ ಆಮೇಲೆ ಸೇರಿತು. ತಂಡಗಳು ಇಂಥ ಆದ್ಯತೆಯ ಕ್ಷೇತ್ರವೊಂದರಲ್ಲಿ ತಮ್ಮ ಪರಿಹಾರವನ್ನು ತೀರ್ಪುಗಾರರ ಮುಂದೆ ಮಂಡಿಸುತ್ತವೆ. ಗೆದ್ದವರಿಗೆ ಎಫ್‌ಡಿಎ ವಿಜ್ಞಾನಿಗಳೆದುರೇ ಅದನ್ನು ವಿವರಿಸುವ ಅವಕಾಶ ಸಿಗುತ್ತದೆ. ಅರ್ಹತೆ, ತಂಡದ ಗಾತ್ರ, ಸಮಯದ ಮಿತಿಗಳಿಗೆ ಆಯಾ ವರ್ಷದ ಪ್ರಕಟಣೆಯೇ ಪ್ರಮಾಣ.

ನಿಮ್ಮ ಆ್ಯಪ್ ರೋಗಿಗೆ ಉಪಕಾರಿ ಇರಬಹುದು, ಆದರೆ ಅದರಿಂದ ನಿಯಂತ್ರಕರ ಯಾವ ತೀರ್ಮಾನವೂ ಸುಲಭವಾಗುವುದಿಲ್ಲ. ಪ್ರಶ್ನೆಯನ್ನು ತಿರುಗಿಸಿ ಕೇಳಿ: ಔಷಧ ಪ್ರಯೋಗದಲ್ಲಿ ಪಾಲ್ಗೊಂಡವರು ಮಾತ್ರೆಯನ್ನು ನಿಜಕ್ಕೂ ನುಂಗಿದರೇ ಎಂದು ತಿಳಿಯುವುದು ಹೇಗೆ? ಸಾಮಾನ್ಯವಾಗಿ ಡಬ್ಬಿಯಲ್ಲಿ ಉಳಿದ ಮಾತ್ರೆಗಳನ್ನು ಎಣಿಸುತ್ತಾರೆ. ಭೇಟಿಯ ದಿನ ಬೆಳಿಗ್ಗೆ ಉಳಿದದ್ದನ್ನು ಚೆಲ್ಲಿ ಬಂದವರ ಲೆಕ್ಕವೂ ಅಲ್ಲಿ ನೂರಕ್ಕೆ ನೂರು ಸರಿ ಇರುತ್ತದೆ. ಅರ್ಧದಷ್ಟು ಜನ ಸರಿಯಾಗಿ ನುಂಗದಿದ್ದರೆ ಒಳ್ಳೆಯ ಮದ್ದೂ ಸಪ್ಪೆಯಾಗಿ ಕಾಣುತ್ತದೆ, ಇಲ್ಲವೇ ಡೋಸ್ ಅಗತ್ಯಕ್ಕಿಂತ ಹೆಚ್ಚು ನಿಗದಿಯಾಗುತ್ತದೆ. ಹಾಗಾಗಿ ನಿಮ್ಮ ಆ್ಯಪನ್ನು ನೆನಪಿಸುವ ಗಂಟೆಯಿಂದ ಅಳೆಯುವ ಸಾಧನವಾಗಿ ಬದಲಿಸಿ. ಆ್ಯಪ್ ದಾಖಲೆ, ಮಾತ್ರೆ ಎಣಿಕೆ, ರಕ್ತದಲ್ಲಿನ ಔಷಧದ ಮಟ್ಟ ಮೂರನ್ನೂ ಒಂದೇ ಗುಂಪಿನಲ್ಲಿ ಹೋಲಿಸಿ ‘ಎಣಿಕೆ ಇಷ್ಟು ತಪ್ಪುತ್ತದೆ, ನಮ್ಮದು ಇಷ್ಟು’ ಎಂದು ತೋರಿಸುವ ಯೋಜನೆ ಬರೆಯಿರಿ. 2017ರಲ್ಲಿ ಎಫ್‌ಡಿಎ ಒಳಗೆ ಸಂವೇದಕವಿರುವ ಮಾತ್ರೆಯೊಂದಕ್ಕೆ ಒಪ್ಪಿಗೆ ಕೊಟ್ಟಾಗಲೂ ಅದು ಸೇವನೆಯನ್ನು ದಾಖಲಿಸುತ್ತದೆ ಎಂದಷ್ಟೇ ಒಪ್ಪಿತು. ರೋಗಿ ನಿಯಮಿತವಾಗಿ ನುಂಗುವಂತೆ ಮಾಡುತ್ತದೆ ಎಂಬುದು ಸಿದ್ಧವಾಗಿಲ್ಲ ಎಂದು ಲೇಬಲ್‌ನಲ್ಲೇ ಬರೆಸಿತು. ಈ ಗೆರೆ ನಿಮ್ಮ ಮಂಡನೆಯಲ್ಲೂ ಸ್ಪಷ್ಟವಾಗಿರಲಿ.

ಪ್ರಶ್ನೆ: ನಮ್ಮಲ್ಲಿ ಎಂ.ಫಾರ್ಮ್‌ನಲ್ಲಿ ‘ರೆಗ್ಯುಲೇಟರಿ ಅಫೇರ್ಸ್’ ಇದೆ. ‘ರೆಗ್ಯುಲೇಟರಿ ಸೈನ್ಸ್’ ಅದೇ ಅಲ್ಲವೇ? (ಮಣಿಪಾಲ)

ಉತ್ತರ: ಅಲ್ಲ. ಅಫೇರ್ಸ್ ಓದಿದವರು ಇರುವ ನಿಯಮಕ್ಕೆ ತಕ್ಕಂತೆ ಕಡತ ಸಿದ್ಧಪಡಿಸುತ್ತಾರೆ. ಯಾವ ಅರ್ಜಿ, ಯಾವ ಅನುಬಂಧ, ಎಷ್ಟು ತಿಂಗಳ ಸ್ಥಿರತೆಯ ದತ್ತಾಂಶ ಎಂಬುದು ಅವರ ಕಸುಬು. ಸೈನ್ಸ್ ಎಂಬುದು ಆ ನಿಯಮದ ಹಿಂದಿರುವ ಅಳತೆಗೋಲನ್ನೇ ಪರೀಕ್ಷಿಸುವ ವಿದ್ಯೆ: 6 ತಿಂಗಳ ದತ್ತಾಂಶದಿಂದ 2 ವರ್ಷದ ಬಾಳಿಕೆಯನ್ನು ಊಹಿಸುವುದು ಎಷ್ಟು ಸರಿ, ಇಲಿಯಲ್ಲಿ ಕಂಡ ಯಕೃತ್ತಿನ ಹಾನಿ ಮನುಷ್ಯನಿಗೆ ಎಷ್ಟರ ಮಟ್ಟಿಗೆ ಅನ್ವಯ ಎಂಬಂಥವು. ಸ್ಪರ್ಧೆಗೆ ಬರುವ ಬಹಳಷ್ಟು ಆಲೋಚನೆಗಳು ‘ಅನುಮತಿಯನ್ನು ಬೇಗ ಕೊಡಿ’, ‘ಎಲ್ಲವನ್ನೂ ಆನ್‌ಲೈನ್ ಮಾಡಿ’ ಎಂಬಲ್ಲೇ ನಿಲ್ಲುವುದು ಈ ವ್ಯತ್ಯಾಸ ತಿಳಿಯದೆ. ಅವು ಆಡಳಿತದ ಸಲಹೆಗಳು, ವಿಜ್ಞಾನವಲ್ಲ.

ಪ್ರಶ್ನೆ: ತೀರ್ಪುಗಾರರು ಮೆಚ್ಚುವಂಥ ಆಲೋಚನೆ ಹೇಗಿರುತ್ತದೆ? ಎಲ್ಲರಿಗೂ ತಿಳಿದ ವಸ್ತುವಿನ ಉದಾಹರಣೆ ಕೊಟ್ಟು ಹೇಳಿ. (ಬಯೋಮೆಡಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ)

ಉತ್ತರ: ಕೊರೊನಾ ಕಾಲದಲ್ಲಿ ಮನೆಮನೆಗೂ ಬಂದ ಪಲ್ಸ್ ಆಕ್ಸಿಮೀಟರ್ ಇದಕ್ಕೆ ಹೇಳಿ ಮಾಡಿಸಿದ ಉದಾಹರಣೆ.

ಬೆರಳಿನ ಮೂಲಕ ಕೆಂಪು ಮತ್ತು ಅವಕೆಂಪು ಬೆಳಕು ಹಾಯಿಸಿ, ಎರಡನ್ನೂ ರಕ್ತ ಎಷ್ಟೆಷ್ಟು ಹೀರಿತು ಎಂಬ ಅನುಪಾತದಿಂದ ಅದು ಆಮ್ಲಜನಕದ ಪ್ರಮಾಣ ಹೇಳುತ್ತದೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಕೂಡ ಬೆಳಕು ಹೀರುತ್ತದೆ. 2020ರ ಡಿಸೆಂಬರ್‌ನಲ್ಲಿ ಅಮೆರಿಕದ ವೈದ್ಯರು ಆಸ್ಪತ್ರೆ ದಾಖಲೆಗಳನ್ನು ಹೋಲಿಸಿ ಪ್ರಕಟಿಸಿದ ಅಂಕಿಗಳನ್ನು ನೋಡಿ: ಸಾಧನ 92ರಿಂದ 96 ಶೇಕಡಾ ತೋರಿಸುತ್ತಿದ್ದಾಗ, ಧಮನಿಯ ರಕ್ತದಲ್ಲಿ ನಿಜವಾದ ಮಟ್ಟ 88ಕ್ಕಿಂತ ಕೆಳಗಿದ್ದದ್ದು ಕಪ್ಪುವರ್ಣೀಯರ ಅಳತೆಗಳಲ್ಲಿ ಶೇ. 11.7, ಬಿಳಿಯರಲ್ಲಿ ಶೇ. 3.6. ‘ಎಲ್ಲ ಸರಿಯಿದೆ’ ಎಂದು ಸಾಧನ ಹೇಳುವಾಗ ರೋಗಿ ಉಸಿರಿಗೆ ಪರದಾಡುತ್ತಿದ್ದಿರಬಹುದು ಎಂದಾಯಿತು.

ಇಂಥ ಸಾಧನ ಅನುಮತಿ ಪಡೆದದ್ದು ಹೇಗೆ? ಎಫ್‌ಡಿಎಯ 2013ರ ಮಾರ್ಗಸೂಚಿ ಕೇಳಿದ್ದು ಕನಿಷ್ಠ 10 ಆರೋಗ್ಯವಂತರು ಮತ್ತು 200 ಅಳತೆಗಳು. ಅವರಲ್ಲಿ ಗಾಢ ಬಣ್ಣದ ಚರ್ಮದವರು ಕನಿಷ್ಠ 2 ಮಂದಿ ಅಥವಾ ಶೇ. 15, ಯಾವುದು ಹೆಚ್ಚೋ ಅದು. ಒಟ್ಟು ಸರಾಸರಿ ತಪ್ಪು ಬೆರಳಿಗೆ ಹಾಕುವ ಸಾಧನದಲ್ಲಿ ಶೇ. 3ರ ಒಳಗಿದ್ದರೆ ತೇರ್ಗಡೆ. ಎಂಟು ಜನರಲ್ಲಿ ಚೆನ್ನಾಗಿ ನಡೆದರೆ ಇಬ್ಬರಲ್ಲಿನ ಎಡವಟ್ಟು ಸರಾಸರಿಯಲ್ಲಿ ಮುಚ್ಚಿಹೋಗುತ್ತದೆ. ‘ಗಾಢ ಬಣ್ಣ’ ಎಂದರೆ ಎಷ್ಟು ಗಾಢ ಎಂಬುದಕ್ಕೂ ಅಳತೆ ಇರಲಿಲ್ಲ. 2025ರ ಜನವರಿಯ ಕರಡು ಮಾರ್ಗಸೂಚಿ 150 ಅಥವಾ ಹೆಚ್ಚು ಜನರನ್ನೂ, ಕಣ್ಣಂದಾಜಿನ ಬದಲು ಚರ್ಮದ ಬಣ್ಣವನ್ನು ಮಾನದಂಡದ ಪಟ್ಟಿಗೆ ಹೋಲಿಸಿ, ಉಪಕರಣದಿಂದಲೂ ಅಳೆಯುವುದನ್ನೂ ಕೇಳಿತು.

ಈ ಬದಲಾವಣೆಯಲ್ಲಿ ಯಾರೂ ಹೊಸ ಸಾಧನ ಕಂಡುಹಿಡಿಯಲಿಲ್ಲ ಎಂಬುದನ್ನು ಗಮನಿಸಿ. ಸಾಧನವನ್ನು ತೂಗುವ ತಕ್ಕಡಿಯನ್ನು ಸರಿಪಡಿಸಿದರು. ತೀರ್ಪುಗಾರರು ಹುಡುಕುವುದು ಇದನ್ನೇ. ನಮ್ಮ ನಾಡಿನ ಚರ್ಮದ ಬಣ್ಣಗಳ ಹರವು ದೊಡ್ಡದು. ಹಣೆಯ ತಾಪಮಾಪಕ, ನವಜಾತ ಶಿಶುವಿನ ಕಾಮಾಲೆಯನ್ನು ಚರ್ಮದಿಂದ ಅಳೆಯುವ ಸಾಧನ, ಮಣಿಕಟ್ಟಿನ ಹೃದಯಬಡಿತ ಮಾಪಕ, ಹೀಗೆ ಬೆಳಕಿನಿಂದ ದೇಹವನ್ನು ಓದುವ ಪ್ರತಿಯೊಂದಕ್ಕೂ ಇದೇ ಪ್ರಶ್ನೆ ಕೇಳಬಹುದು. ಹುಬ್ಬಳ್ಳಿಯಲ್ಲೇ ಕುಳಿತು ಕೆಲಸ ಮಾಡಬಹುದಾದ ವಿಷಯ ಇದು.

ಪ್ರಶ್ನೆ: ಆಹಾರ ಸುರಕ್ಷತೆಗೆ ಬ್ಲಾಕ್‌ಚೈನ್ ಬಳಸುವ ಪ್ರಸ್ತಾಪ ಮಾಡಬೇಕೆಂದಿದ್ದೇವೆ. ಸೊಪ್ಪು ಎಲ್ಲಿಂದ ಬಂತೆಂದು ಕ್ಷಣದಲ್ಲಿ ತಿಳಿಯುವ ವ್ಯವಸ್ಥೆ. ಸಲಹೆ ಕೊಡಿ. (ನಾಲ್ವರ ತಂಡ, ಕ್ಯಾಲಿಫೋರ್ನಿಯಾ)

ಉತ್ತರ: ಸೊಪ್ಪು ಆರಿಸಿಕೊಂಡದ್ದು ಒಳ್ಳೆಯದು. ಬ್ಲಾಕ್‌ಚೈನ್ ಎಂಬ ಪದವನ್ನು ಮಾತ್ರ ಶೀರ್ಷಿಕೆಯಿಂದ ತೆಗೆದುಬಿಡಿ.

ಸಮಸ್ಯೆ ನಿಜವಾದದ್ದೇ. 2018ರ ವಸಂತದಲ್ಲಿ ಅರಿಜೋನಾದ ಯೂಮಾ ಪ್ರದೇಶದ ರೊಮೇನ್ ಲೆಟಿಸ್ ಸೊಪ್ಪಿನಿಂದ ಇ. ಕೋಲೈ ಒ157:ಎಚ್7 ಎಂಬ ಬ್ಯಾಕ್ಟೀರಿಯಾ ಹರಡಿ 36 ರಾಜ್ಯಗಳಲ್ಲಿ 210 ಜನ ಕಾಯಿಲೆ ಬಿದ್ದರು, 5 ಮಂದಿ ಸತ್ತರು. ಅದೇ ತಳಿ ನೀರಾವರಿ ಕಾಲುವೆಯ ನೀರಿನಲ್ಲಿ ಸಿಕ್ಕಿತು. ಆ ವರ್ಷದ ನವೆಂಬರ್‌ನಲ್ಲಿ ಮತ್ತೆ ಸೋಂಕು ಕಾಣಿಸಿದಾಗ, ಯಾವ ಹೊಲದ್ದೆಂದು ಬೇಗ ತಿಳಿಯದೆ, ದೇಶದಲ್ಲಿ ಯಾರೂ ರೊಮೇನ್ ತಿನ್ನಬೇಡಿ ಎಂದೇ ಸರ್ಕಾರ ಹೇಳಬೇಕಾಯಿತು. ತಪ್ಪಿಲ್ಲದ ಬೆಳೆಗಾರರ ಸೊಪ್ಪೂ ಕಸದ ಬುಟ್ಟಿಗೆ ಹೋಯಿತು.

ವಾಲ್‌ಮಾರ್ಟ್ ನಡೆಸಿದ ಪ್ರಯೋಗದಲ್ಲಿ ಮಾವಿನ ಹೋಳುಗಳ ಮೂಲ ಹುಡುಕಲು ಹಳೆಯ ದಾರಿಯಲ್ಲಿ 6 ದಿನ 18 ಗಂಟೆ ಹಿಡಿದದ್ದು ಬ್ಲಾಕ್‌ಚೈನ್‌ನಲ್ಲಿ 2.2 ಸೆಕೆಂಡಿಗೆ ಇಳಿಯಿತೆಂಬ ಮಾತು ನೀವೂ ಕೇಳಿರುತ್ತೀರಿ. ಆ 2.2 ಸೆಕೆಂಡು ಸಾಧ್ಯವಾದದ್ದು ಎಲ್ಲರೂ ಮಾಹಿತಿಯನ್ನು ಮೊದಲೇ ಸರಿಯಾಗಿ ತುಂಬಿದ್ದರಿಂದ. ಬರೆದದ್ದನ್ನು ಯಾರೂ ತಿದ್ದದಂತೆ ಬ್ಲಾಕ್‌ಚೈನ್ ಕಾಯುತ್ತದೆ; ತಪ್ಪು ಬರೆದಿದ್ದರೆ ಆ ತಪ್ಪನ್ನೂ ಅಷ್ಟೇ ಭದ್ರವಾಗಿ ಕಾಯುತ್ತದೆ. ಜಾಡು ತಪ್ಪುವುದು ಕಂಪ್ಯೂಟರಿನಲ್ಲಲ್ಲ, ಪೆಟ್ಟಿಗೆಯ ಹತ್ತಿರ: ತಣ್ಣಗಿನ ಕೋಣೆಯ ತೇವಕ್ಕೆ ಚೀಟಿ ಕಳಚುತ್ತದೆ, ಮೂರು ಹೊಲದ ಸೊಪ್ಪು ಹೆಚ್ಚಿ ಒಂದೇ ಚೀಲಕ್ಕೆ ಬೀಳುತ್ತದೆ, ಅಂಗಡಿಯವರು ಅರ್ಧ ಖಾಲಿಯಾದ ಎರಡು ಪೆಟ್ಟಿಗೆಗಳನ್ನು ಒಂದಾಗಿಸುತ್ತಾರೆ.

ಅಮೆರಿಕದ ಆಹಾರ ಸುರಕ್ಷತಾ ಆಧುನೀಕರಣ ಕಾಯ್ದೆಗೆ 2011ರ ಜನವರಿ 4ರಂದು ಸಹಿ ಬಿತ್ತು. ಅದರ 204ನೇ ಕಲಮಿನ ಅಡಿ ಬಂದ ಜಾಡುಪತ್ತೆ ನಿಯಮ ಅಂತಿಮಗೊಂಡದ್ದು 2022ರ ನವೆಂಬರ್‌ನಲ್ಲಿ. ಸೊಪ್ಪು, ಸೌತೆ, ಟೊಮೆಟೊ, ಕರಬೂಜ, ಮೊಟ್ಟೆ, ಮೆತ್ತನೆಯ ಚೀಸ್ ಮುಂತಾದ ಪಟ್ಟಿಯ ಆಹಾರಗಳಿಗೆ ಕೊಯ್ಲು, ತಂಪುಗೊಳಿಸುವಿಕೆ, ಮೊದಲ ಪ್ಯಾಕಿಂಗ್, ಸಾಗಣೆ, ಸ್ವೀಕಾರ, ರೂಪಾಂತರದಂಥ ಹಂತಗಳಲ್ಲಿ ದಾಖಲೆ ಇಡಬೇಕು. ಮೊದಲ ಪ್ಯಾಕಿಂಗ್‌ನಲ್ಲಿ ಕೊಟ್ಟ ಲಾಟ್ ಸಂಖ್ಯೆ (ಆ ಕಂತಿನ ಸರಕಿನ ಗುರುತು) ಮುಂದೆಯೂ ಜೊತೆಗೆ ಹೋಗಬೇಕು. ಹೆಚ್ಚಿ, ಬೆರೆಸಿ ರೂಪ ಬದಲಿಸಿದಾಗ ಮಾತ್ರ ಹೊಸ ಸಂಖ್ಯೆ. ಎಫ್‌ಡಿಎ ಕೇಳಿದರೆ 24 ಗಂಟೆಯೊಳಗೆ ಕೊಡಬೇಕು. ಪಾಲನೆಯ ಗಡುವು ಮೊದಲು 2026ರ ಜನವರಿ 20 ಇತ್ತು, ಅದನ್ನು 30 ತಿಂಗಳು ಮುಂದೂಡಲು ಎಫ್‌ಡಿಎ ಹೊರಟಿತು. ಉದ್ಯಮ ಎಲ್ಲಿ ಒದ್ದಾಡುತ್ತಿದೆಯೋ ಅಲ್ಲೇ ನಿಮ್ಮ ಆಲೋಚನೆ ಹುಟ್ಟಬೇಕು.

ನಮ್ಮ ಸಲಹೆ ಚಿಕ್ಕದು. ‘ಅಂಗಡಿಯ ಹಿಂಬಾಗಿಲಿಗೆ ಬರುವ ಹೊತ್ತಿಗೆ ನೂರರಲ್ಲಿ ಎಷ್ಟು ಪೆಟ್ಟಿಗೆಗಳ ಲಾಟ್ ಸಂಖ್ಯೆ ಇನ್ನೂ ಓದಲು ಬರುತ್ತದೆ?’ ಎಂಬುದನ್ನೇ ಅಳತೆಯಾಗಿ ಪ್ರಸ್ತಾಪಿಸಿ. ಮೂರು ಬಗೆಯ ಅಂಟಿನ ಚೀಟಿ, ಒಂದೊಂದರಲ್ಲಿ 60 ಮೇಣದ ಪೆಟ್ಟಿಗೆ, 0ರಿಂದ 4 ಡಿಗ್ರಿ ಸೆಲ್ಸಿಯಸ್‌ನ ತೇವದ ಕೋಣೆಯಲ್ಲಿ 7 ದಿನ, ನಡುವೆ ಎರಡು ಬಾರಿ ಹೊರತೆಗೆದು ಬೆವರಲು ಬಿಟ್ಟು ಮತ್ತೆ ಒಳಗೆ. ಆಮೇಲೆ ಸ್ಕ್ಯಾನ್. 60ರಲ್ಲಿ ಒಂದೂ ವಿಫಲವಾಗದಿದ್ದರೆ ‘ವೈಫಲ್ಯ ಸೊನ್ನೆ’ ಎನ್ನಬೇಡಿ. ಸಂಖ್ಯಾಶಾಸ್ತ್ರದ ‘ಮೂರರ ನಿಯಮ’ದಂತೆ 3ನ್ನು 60ರಿಂದ ಭಾಗಿಸಿದರೆ ಶೇ. 5; ನಿಜವಾದ ವೈಫಲ್ಯ ಅಷ್ಟರವರೆಗೂ ಇರಬಹುದು ಎಂದೇ ಹೇಳಿ. ಆ ಒಂದು ವಾಕ್ಯಕ್ಕೆ ತೀರ್ಪುಗಾರರು ತಲೆ ಎತ್ತಿ ನೋಡುತ್ತಾರೆ.

ಪ್ರಶ್ನೆ: ಎಫ್‌ಡಿಎಯ ಅಡ್ಡಪರಿಣಾಮಗಳ ದತ್ತಾಂಶ ಎಲ್ಲರಿಗೂ ಮುಕ್ತ ಎಂದು ಕೇಳಿದ್ದೇವೆ. ಅದನ್ನು ಎಐಗೆ ಕೊಟ್ಟು ಅಪಾಯಕಾರಿ ಮದ್ದುಗಳನ್ನು ಪತ್ತೆಹಚ್ಚಬಹುದೇ? (ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿ, ಬೆಂಗಳೂರು)

ಉತ್ತರ: ಸುಳಿವು ಹಿಡಿಯಬಹುದು, ತೀರ್ಪು ಕೊಡಲಾಗದು. ಆ ದತ್ತಾಂಶವನ್ನು ಫೇರ್ಸ್ ಎನ್ನುತ್ತಾರೆ. ವೈದ್ಯರು, ರೋಗಿಗಳು ಸ್ವಯಿಚ್ಛೆಯಿಂದ ಕೊಟ್ಟ ವರದಿಗಳೂ ಕಂಪನಿಗಳು ಕಡ್ಡಾಯವಾಗಿ ಕೊಟ್ಟವೂ ಅದರಲ್ಲಿವೆ. 2014ರಿಂದ ‘ಓಪನ್‌ಎಫ್‌ಡಿಎ’ ಮೂಲಕ ಪ್ರೋಗ್ರಾಂನಿಂದಲೇ ಪಡೆಯಬಹುದು.

ಎಐಗೆ ಮೊದಲು ಸರಳ ಲೆಕ್ಕ ಕಲಿಯಿರಿ. ಒಂದು ಕಾಲ್ಪನಿಕ ಉದಾಹರಣೆ: ‘ಕ’ ಎಂಬ ಮದ್ದಿನ ಮೇಲೆ 400 ವರದಿ, ಅವುಗಳಲ್ಲಿ ಯಕೃತ್ತಿನ ತೊಂದರೆ 12, ಅಂದರೆ ಶೇ. 3. ಉಳಿದೆಲ್ಲ ಮದ್ದುಗಳ 2,00,000 ವರದಿಗಳಲ್ಲಿ ಯಕೃತ್ತಿನವು 2,000, ಅಂದರೆ ಶೇ. 1. ಅನುಪಾತ 3. ಈ ಕ್ಷೇತ್ರದಲ್ಲಿ ರೂಢಿಯಾಗಿರುವ ಹೊಸ್ತಿಲು: ಅನುಪಾತ 2 ಅಥವಾ ಹೆಚ್ಚು, ಕೈ-ಸ್ಕ್ವೇರ್ (ವ್ಯತ್ಯಾಸ ಬರೀ ಆಕಸ್ಮಿಕವೇ ಎಂದು ನೋಡುವ ಸಂಖ್ಯಾಶಾಸ್ತ್ರದ ಅಳತೆ) 4 ಅಥವಾ ಹೆಚ್ಚು, ಪ್ರಕರಣ 3 ಅಥವಾ ಹೆಚ್ಚು. ಮೂರೂ ದಾಟಿದರೆ ಅದೊಂದು ಸುಳಿವು.

ಇನ್ನು ಎಡವುವ ಜಾಗಗಳು. ಒಂದೇ ಪ್ರಕರಣವನ್ನು ವೈದ್ಯರೂ ಕಂಪನಿಯೂ ಕಳಿಸಿರುತ್ತಾರೆ, ಮೇಲೆ ತಿದ್ದುಪಡಿಯ ಆವೃತ್ತಿಗಳು. ಪ್ರಕರಣ ಸಂಖ್ಯೆಯಿಂದ ಕೊನೆಯ ಆವೃತ್ತಿ ಮಾತ್ರ ಉಳಿಸಿಕೊಂಡು, ವಯಸ್ಸು, ಲಿಂಗ, ದಿನಾಂಕ ಹೋಲಿಸಿ ಉಳಿದ ನಕಲುಗಳನ್ನೂ ತೆಗೆಯಿರಿ. ಮದ್ದಿನ ಹೆಸರು ಬ್ರಾಂಡ್, ಜೆನೆರಿಕ್, ತಪ್ಪು ಕಾಗುಣಿತ ಎಲ್ಲ ರೂಪದಲ್ಲೂ ಇರುತ್ತದೆ. ಶಂಕಿತ ಮದ್ದನ್ನೂ ಜೊತೆಗೆ ಸುಮ್ಮನೆ ಸೇವಿಸುತ್ತಿದ್ದ ಮದ್ದನ್ನೂ ಬೇರೆಬೇರೆ ಗುರುತಿನಿಂದ ನಮೂದಿಸಿರುತ್ತಾರೆ, ಎರಡನ್ನೂ ಕಲಸಿದರೆ ಬಿಪಿ ಮಾತ್ರೆಯೇ ಎಲ್ಲಕ್ಕೂ ಅಪರಾಧಿಯಾಗುತ್ತದೆ. ಟಿವಿಯಲ್ಲಿ ಸುದ್ದಿ ಬಂದ ವಾರ ವರದಿಗಳು ಉಕ್ಕುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಎಷ್ಟು ಜನ ಆ ಮದ್ದು ಸೇವಿಸಿದರು ಎಂಬ ಛೇದ ಇದರಲ್ಲಿ ಇಲ್ಲವೇ ಇಲ್ಲ. ಹಾಗಾಗಿ ‘ನೂರರಲ್ಲಿ ಇಷ್ಟು ಜನಕ್ಕೆ ತೊಂದರೆ’ ಎಂದು ಇದರಿಂದ ಬರೆದ ತಂಡ ಮೊದಲ ಪ್ರಶ್ನೆಗೇ ಬೀಳುತ್ತದೆ.

ಎಐ ನಿಜಕ್ಕೂ ಉಪಯೋಗಕ್ಕೆ ಬರುವುದು ನಕಲು ಹಿಡಿಯುವುದಕ್ಕೆ. ಅದನ್ನೇ ಆಲೋಚನೆಯಾಗಿಸಿ: ಇಬ್ಬರು ಫಾರ್ಮಸಿಸ್ಟರು ಕೈಯಿಂದ ಗುರುತಿಸಿದ 500 ಜೋಡಿಗಳ ಎದುರು ನಿಮ್ಮ ಪ್ರೋಗ್ರಾಂ ಎಷ್ಟು ಸರಿ ಎಂದು ತೋರಿಸಿ. ಆ ಇಬ್ಬರಲ್ಲೇ ಎಷ್ಟು ಭಿನ್ನಾಭಿಪ್ರಾಯವಿತ್ತು ಎಂಬುದನ್ನೂ ಹೇಳಿ. ನಮ್ಮ ದೇಶದಲ್ಲಿ 2010ರಲ್ಲಿ ಶುರುವಾದ ಔಷಧ ಜಾಗೃತಿ ಕಾರ್ಯಕ್ರಮವನ್ನು ಗಾಜಿಯಾಬಾದ್‌ನ ಭಾರತೀಯ ಫಾರ್ಮಕೋಪಿಯಾ ಆಯೋಗ ನಡೆಸುತ್ತದೆ. ಅಡ್ಡಪರಿಣಾಮವನ್ನು ಯಾರು ಬೇಕಾದರೂ 1800-180-3024ಕ್ಕೆ ಉಚಿತವಾಗಿ ತಿಳಿಸಬಹುದು.

ಪ್ರಶ್ನೆ: ಕೆಮ್ಮಿನ ಸಿರಪ್‌ನಲ್ಲಿರುವ ವಿಷವನ್ನು ಮನೆಯಲ್ಲೇ ಕಾಗದದ ಪಟ್ಟಿಯಿಂದ ಕಂಡುಹಿಡಿಯುವ ಕಿಟ್ ಮಾಡಬಹುದೇ? (ಬಿ.ಫಾರ್ಮ್, ಕಲಬುರಗಿ)

ಉತ್ತರ: ಈ ಕಾಳಜಿ ಎಲ್ಲರದೂ. 1937ರಲ್ಲಿ ಅಮೆರಿಕದಲ್ಲಿ ಡೈಎಥಿಲೀನ್ ಗ್ಲೈಕಾಲ್‌ನಲ್ಲಿ ಕರಗಿಸಿದ ಸಲ್ಫಾ ಔಷಧ 100ಕ್ಕೂ ಹೆಚ್ಚು ಜನರನ್ನು ಕೊಂದಿತು, ಅಲ್ಲಿನ 1938ರ ಆಹಾರ, ಔಷಧ ಕಾಯ್ದೆ ಹುಟ್ಟಿದ್ದೇ ಅದರಿಂದ. 2022ರಲ್ಲಿ ಗ್ಯಾಂಬಿಯಾದಲ್ಲಿ 60ಕ್ಕೂ ಹೆಚ್ಚು ಮಕ್ಕಳ ಸಾವಿನ ಜೊತೆ ವಿಶ್ವ ಆರೋಗ್ಯ ಸಂಸ್ಥೆ ತಳುಕು ಹಾಕಿದ್ದು ಭಾರತದಲ್ಲಿ ತಯಾರಾದ ಸಿರಪ್‌ಗಳನ್ನು. 85 ವರ್ಷ ಕಳೆದರೂ ಅದೇ ವಿಷ, ಅದೇ ದಾರಿ.

ಆದರೆ ಕಿಟ್ ಇಡಬೇಕಾದ ಜಾಗ ಮನೆಯಲ್ಲ, ಕಾರ್ಖಾನೆಯ ಕಚ್ಚಾವಸ್ತುವಿನ ಗೋದಾಮು. ವಿಷ ಒಳಬರುವುದು ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್, ಸಾರ್ಬಿಟಾಲ್ ಡ್ರಮ್ಮುಗಳ ಮೂಲಕ. ಮಿತಿ ಶೇ. 0.10, ಅಂದರೆ ಸಾವಿರದಲ್ಲಿ ಒಂದು ಭಾಗ. ಉಳಿದ 999 ಭಾಗವೂ ಅದೇ ಜಾತಿಯ, ಹೈಡ್ರಾಕ್ಸಿಲ್ ಗುಂಪುಗಳಿರುವ ಅಣುಗಳು. ಆ ಗುಂಪಿಗೆ ಬಣ್ಣ ಬದಲಿಸುವ ರಾಸಾಯನಿಕ ಎರಡನ್ನೂ ಬೇರ್ಪಡಿಸಲಾರದು. ಸಿದ್ಧ ಸಿರಪ್‌ನಲ್ಲಿ ಸಕ್ಕರೆ, ಬಣ್ಣ ಸೇರಿ ಇನ್ನೂ ಕಷ್ಟ. ಅದಕ್ಕೇ ಮಿಶ್ರಣದ ಅಣುಗಳನ್ನು ಬೇರ್ಪಡಿಸುವ ತೆಳುಪದರ ಕ್ರೊಮ್ಯಾಟೊಗ್ರಫಿಯಿಂದ ಮೊದಲ ಜರಡಿ, ಗ್ಯಾಸ್ ಕ್ರೊಮ್ಯಾಟೊಗ್ರಫಿಯಿಂದ ಖಾತರಿ.

ನಿಮಗೆ ವಿಷಯ ಬೇಕಿದ್ದರೆ ಮಾದರಿ ತೆಗೆಯುವ ರೀತಿಯನ್ನು ಹಿಡಿಯಿರಿ. 10 ಡ್ರಮ್ಮುಗಳಿಂದ ಸಮನಾಗಿ ತೆಗೆದು ಬೆರೆಸಿ ಒಂದೇ ಪರೀಕ್ಷೆ ಮಾಡಿದರೆ, ಒಂದು ಡ್ರಮ್ಮಿನಲ್ಲಿ ಶೇ. 0.8 ವಿಷವಿದ್ದರೂ ಮಿಶ್ರಣದಲ್ಲಿ ಕಾಣುವುದು ಶೇ. 0.08. ಪಾಸು! ಮಿತಿಯ ಎಂಟು ಪಟ್ಟು ವಿಷವಿದ್ದ ಡ್ರಮ್ ಸಿರಪ್‌ಗೆ ಹೋಯಿತು. ಪ್ರತಿ ಡ್ರಮ್ಮನ್ನೂ ಬೇರೆಯಾಗಿ ಪರೀಕ್ಷಿಸಬೇಕೆಂದು ಎಫ್‌ಡಿಎ ಪಟ್ಟು ಹಿಡಿಯುವುದು ಇದಕ್ಕಾಗಿ. ಸಣ್ಣ ಕಾರ್ಖಾನೆಗೆ ಅದು ಎಷ್ಟು ಖರ್ಚು, ಡ್ರಮ್ಮಿನ ಗೋಡೆಯಾಚೆಯಿಂದಲೇ ಬೆಳಕಿನಿಂದ ವಸ್ತುವನ್ನು ಗುರುತಿಸುವ ರಾಮನ್ ಉಪಕರಣ ಶೇ. 0.1ರ ಮಟ್ಟಕ್ಕೆ ಇಳಿಯಬಲ್ಲದೇ, ಇಳಿಯದಿದ್ದರೆ ಎಷ್ಟರ ಮೇಲಿನ ಕಲಬೆರಕೆಯನ್ನು ಹಿಡಿಯುತ್ತದೆ: ಈ ಮೂರಕ್ಕೆ ಉತ್ತರ ಹುಡುಕಿದರೆ ಅದು ಸ್ಪರ್ಧೆಗಷ್ಟೇ ಅಲ್ಲ, ಮಕ್ಕಳ ಜೀವಕ್ಕೂ ಆಗಿಬರುತ್ತದೆ.

ಪ್ರಶ್ನೆ: ಇಂಥ ಸ್ಪರ್ಧೆಯನ್ನು ನಮ್ಮ ಕಾಲೇಜಿನಲ್ಲೇ ನಡೆಸಬೇಕೆಂದಿದ್ದೇವೆ. ಗೋಬಿ ಮಂಚೂರಿ ಬಣ್ಣದ ವಿಷಯ ಕೊಡಬಹುದೇ? (ಉಪನ್ಯಾಸಕರು, ಮೈಸೂರು)

ಉತ್ತರ: ಖಂಡಿತ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಯಲ್ಲಿ ರೋಡಮೈನ್-ಬಿ ಬಳಕೆ ನಿಷೇಧಿಸಿತು. ಆಗ ಪರೀಕ್ಷಿಸಿದ 171 ಗೋಬಿ ಮಾದರಿಗಳಲ್ಲಿ 107ರಲ್ಲಿ ಅಸುರಕ್ಷಿತ ಕೃತಕ ಬಣ್ಣಗಳಿದ್ದವು. ಅವುಗಳಲ್ಲಿ ಸನ್‌ಸೆಟ್ ಯೆಲ್ಲೊ, ಟಾರ್ಟ್ರಜೈನ್‌ನಂಥವೂ ಇದ್ದವು. ಇವು ಬೇರೆ ಕೆಲವು ತಿನಿಸುಗಳಲ್ಲಿ ಮಿತಿಯೊಳಗೆ ಒಪ್ಪಿತ, ಗೋಬಿಯಲ್ಲಿ ಅಲ್ಲ. ಹಾಗಾಗಿ ರೋಡಮೈನ್ ಒಂದನ್ನೇ ಹಿಡಿಯುವ ಕಿಟ್ ಅರ್ಧ ಕಥೆ ಮಾತ್ರ ಹೇಳುತ್ತದೆ.

ರಸಾಯನಶಾಸ್ತ್ರದ ತಂಡಗಳು ಉಣ್ಣೆ ದಾರದ ಹಳೆಯ ಪರೀಕ್ಷೆಯಿಂದ ಶುರು ಮಾಡಲಿ. ಸನ್‌ಸೆಟ್ ಯೆಲ್ಲೊ ಆಮ್ಲೀಯ ಬಣ್ಣ, ಆಮ್ಲದ ದ್ರಾವಣದಲ್ಲಿ ಬಿಳಿ ಉಣ್ಣೆಗೆ ಹಿಡಿಯುತ್ತದೆ. ರೋಡಮೈನ್-ಬಿ ಪ್ರತ್ಯಾಮ್ಲೀಯ ಗುಂಪಿನದು, ಅದಕ್ಕೆ ಸ್ವಲ್ಪ ಅಮೋನಿಯಾ ಬೇಕು. ನೇರಳಾತೀತ ಬೆಳಕಿಗೆ ಕಿತ್ತಳೆಯಾಗಿ ಹೊಳೆಯುವುದು ಅದರ ಇನ್ನೊಂದು ಗುರುತು. ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಎಣ್ಣೆಯಲ್ಲಿ ಕರಗುವಂಥದ್ದು, ತೊಳೆದರೆ ದಾರದಲ್ಲಿ ನಿಲ್ಲದು. ಗೋಬಿಯಲ್ಲಿ ಎಣ್ಣೆ ತುಂಬಾ, ಮೊದಲು ಅದನ್ನು ತೆಗೆಯದಿದ್ದರೆ ದಾರಕ್ಕೆ ಏನೂ ಹಿಡಿಯದೆ ‘ಶುದ್ಧ’ ಎಂಬ ಸುಳ್ಳು ಫಲಿತಾಂಶ ಬರುತ್ತದೆ. ಬಣ್ಣವಿಲ್ಲದ, ಬ್ಯಾಡಗಿ ಮಾತ್ರ ಹಾಕಿದ, ಬೇಕೆಂದೇ ಬಣ್ಣ ಬೆರೆಸಿದ ಮೂರು ಗೋಬಿಗಳನ್ನು ಪ್ರಯೋಗಾಲಯದಲ್ಲೇ ಮಾಡಿಟ್ಟುಕೊಳ್ಳಿ, ಯಾರೂ ತಿನ್ನದಂತೆ ಗುರುತು ಹಾಕಿ.

ಅಂಕ ಕೊಡುವಾಗ ಈ ಲೆಕ್ಕವನ್ನು ಕೇಳಲೇಬೇಕು. ಕಿಟ್ ಕೆಟ್ಟದ್ದರಲ್ಲಿ ಶೇ. 95 ಹಿಡಿಯುತ್ತದೆ, ಒಳ್ಳೆಯದರಲ್ಲಿ ಶೇ. 10ನ್ನು ತಪ್ಪಾಗಿ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. 1,000 ಮಾದರಿಗಳಲ್ಲಿ 620 ಕೆಟ್ಟವಾದರೆ ಕಿಟ್ ಹಿಡಿಯುವುದು 589 ನಿಜ, 38 ಸುಳ್ಳು. ‘ಬಣ್ಣವಿದೆ’ ಎಂದದ್ದರಲ್ಲಿ ಶೇ. 94 ಸರಿ. ನಿಷೇಧ ಫಲ ಕೊಟ್ಟು ಕೆಟ್ಟವು 40ಕ್ಕೆ ಇಳಿದವು ಅನ್ನಿ: ಆಗ 38 ನಿಜ, 96 ಸುಳ್ಳು, ಸರಿಯಾದದ್ದು ಶೇ. 28 ಮಾತ್ರ. ಕಿಟ್ ಬದಲಾಗಿಲ್ಲ, ಬೀದಿ ಬದಲಾಗಿದೆ. ಆಗ ಅದರ ಮಾತು ನಂಬಿ ಗಾಡಿ ಮುಚ್ಚಿಸಿದರೆ ಹತ್ತರಲ್ಲಿ ಏಳು ಮಂದಿ ನಿರಪರಾಧಿಗಳು.

ಕಾನೂನಿನ ಜೊತೆ ಕೂಡಿಸುವುದನ್ನೂ ಮರೆಯದಿರಲಿ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಂತೆ ಅಧಿಕಾರಿ ತೆಗೆದ ಮಾದರಿಯನ್ನು ನಾಲ್ಕು ಭಾಗ ಮಾಡಬೇಕು, ಆಹಾರ ವಿಶ್ಲೇಷಕರು 14 ದಿನದಲ್ಲಿ ವರದಿ ಕೊಡಬೇಕು. ಕಾಲೇಜಿನ ಕಿಟ್‌ನ ಫಲಿತಾಂಶ ಸಾಕ್ಷ್ಯವಾಗದು, ಎಲ್ಲಿ ಮಾದರಿ ತೆಗೆಯಬೇಕೆಂದು ತೋರಿಸಬಹುದು ಅಷ್ಟೇ. 40ನೇ ಕಲಮಿನಡಿ ಕೊಂಡವರೂ ಶುಲ್ಕ ಕಟ್ಟಿ ವಿಶ್ಲೇಷಣೆ ಮಾಡಿಸಬಹುದು, ತಪ್ಪು ಸಾಬೀತಾದರೆ ಶುಲ್ಕ ವಾಪಸ್. ಗಾಡಿಯವರ ಹೆಸರು, ಫೋಟೊ ಮಾತ್ರ ಮಂಡನೆಯಲ್ಲಿ ಬೇಡ.

ಪ್ರಶ್ನೆ: ಕೋಳಿಮಾಂಸದ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಬಗ್ಗೆ ಎಫ್‌ಡಿಎ ಸ್ಪರ್ಧೆಗೆ ಆಲೋಚನೆ ಕಳಿಸಬಹುದೇ?

ಉತ್ತರ: ಬೇಡ. ಮಾಂಸ, ಕೋಳಿ ಅಮೆರಿಕದ ಕೃಷಿ ಇಲಾಖೆಯ ವ್ಯಾಪ್ತಿ. ಚಿಪ್ಪಿರುವ ಮೊಟ್ಟೆ ಎಫ್‌ಡಿಎಗೆ, ಒಡೆದು ಪ್ಯಾಕ್ ಮಾಡಿದ ಮೊಟ್ಟೆ ಕೃಷಿ ಇಲಾಖೆಗೆ. ಚೀಸ್ ಪಿಜ್ಜಾ ಎಫ್‌ಡಿಎಗೆ, ಮಾಂಸದ ಪಿಜ್ಜಾ ಕೃಷಿ ಇಲಾಖೆಗೆ. ಸಾಲ್ಮೊನೆಲ್ಲಾ ಬಿಡಲು ಮನಸ್ಸಿಲ್ಲದಿದ್ದರೆ ಮೊಟ್ಟೆ ಅಥವಾ ಮೊಳಕೆಕಾಳು ಹಿಡಿಯಿರಿ.

ಪ್ರಶ್ನೆ: ತಂಡ, ಸ್ಲೈಡು, ಮಂಡನೆ ಬಗ್ಗೆ ಎರಡು ಮಾತು.

ಉತ್ತರ: ತಂಡದಲ್ಲಿ ಎಲ್ಲರೂ ಫಾರ್ಮಸಿಯವರಾದರೆ ಅಂಕಿಅಂಶದಲ್ಲಿ ಸೋಲುತ್ತೀರಿ, ಎಲ್ಲರೂ ಕಂಪ್ಯೂಟರಿನವರಾದರೆ ಪ್ರಶ್ನೆಯಲ್ಲೇ ಸೋಲುತ್ತೀರಿ. ಸಂಖ್ಯಾಶಾಸ್ತ್ರ ಬಲ್ಲ ಒಬ್ಬರು ಇರಲೇಬೇಕು. ಮೊದಲ ಸ್ಲೈಡಿನಲ್ಲಿ ಒಂದೇ ವಾಕ್ಯ: ಇಂದು ನಿಯಂತ್ರಕರು ಯಾವ ತೀರ್ಮಾನವನ್ನು ಸಾಕಷ್ಟು ಆಧಾರವಿಲ್ಲದೆ ಮಾಡಬೇಕಾಗಿದೆ? ಆಮೇಲೆ ಈಗಿನ ವಿಧಾನ, ಅದು ಎಡವುವ ಜಾಗ, ನಿಮ್ಮ ಅಳತೆ, ಅದನ್ನು ಪರೀಕ್ಷಿಸುವ ಬಗೆ, ಖರ್ಚು. ಕೊಟ್ಟ ಸಮಯಕ್ಕಿಂತ ಒಂದು ನಿಮಿಷ ಕಡಿಮೆಗೆ ಅಭ್ಯಾಸ ಮಾಡಿ.

‘ಇದನ್ನು ಎಫ್‌ಡಿಎ ಈಗಾಗಲೇ ಮಾಡುತ್ತಿಲ್ಲವೇ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಸಂಬಂಧಪಟ್ಟ ಮಾರ್ಗಸೂಚಿಯನ್ನು, ಕರಡೂ ಸೇರಿ, ಅಡಿಟಿಪ್ಪಣಿವರೆಗೆ ಓದಿಕೊಂಡೇ ಹೋಗಿ. ಇನ್ನೊಂದು, ‘ನಿಮ್ಮ ವಿಧಾನ ತಪ್ಪಿದರೆ ಯಾರಿಗೆ ಹಾನಿ?’ ಸುಳ್ಳು ಎಚ್ಚರಿಕೆಯಿಂದ ಆಗುವ ನಷ್ಟ, ತಪ್ಪಿಹೋದ ಅಪಾಯದಿಂದ ಆಗುವ ಹಾನಿ, ಎರಡನ್ನೂ ಬೇರೆಬೇರೆ ಅಂಕಿಯಲ್ಲಿ ಇಟ್ಟುಕೊಂಡಿರಿ.